ಶೆಡ್ಡಿನೊಳಗೆ ಕೆಂಪಾದ ಪರದೆ

ಆನೆ ಎಚ್ಚರಿಕೆ ಯೋಜನೆಯ ತಂತ್ರಾಂಶಕ್ಕೆ ಒಪ್ಪಿಗೆ ಕೊಟ್ಟ ಮಾನ್ಯ ಅಧಿಕಾರಿಗಳೇ,

ನೀವು ಕೊಟ್ಟ ಕಂಪ್ಯೂಟರ್ ಸುಮ್ಮನಿದ್ದದ್ದರಿಂದ ನನ್ನ ಅಕ್ಕ ಪುಟ್ಟಲಿಂಗಮ್ಮ ಸತ್ತಳು. ಅದು ಕೆಟ್ಟಿತ್ತೆಂದು ನಾನು ದೂರುತ್ತಿಲ್ಲ. ನಿಮ್ಮ ಕಡತದ ಪ್ರಕಾರ ಅದು ಆವತ್ತೂ ಚೆನ್ನಾಗಿಯೇ ಓಡುತ್ತಿತ್ತು. ನನ್ನ ದೂರು ಅದೇ.

ಗೂಡಲೂರಿನ ಈ ಮಗ್ಗುಲಲ್ಲಿ ನಾವು ಸಣ್ಣ ಟೀ ಬೆಳೆಗಾರರು. ಮೊದಲು ಕಾವಲುಗಾರ ದೇವ ಬೆಳಿಗ್ಗೆ ಕಾಡಂಚು ನೋಡಿಬಂದು, ಆನೆಯಿದ್ದರೆ ತಗಡು ಬಡಿಯುತ್ತಿದ್ದ. ಇಲ್ಲದಿದ್ದರೆ "ಇಲ್ಲ ಕಣ್ರಮ್ಮೋ, ಇಳೀರಿ!" ಎಂದು ಕೂಗುತ್ತಿದ್ದ. ಆ ಕೂಗು ಕೇಳದೆ ಯಾರೂ ತೋಟಕ್ಕೆ ಇಳಿಯುತ್ತಿರಲಿಲ್ಲ. ನಿಮ್ಮವರು ಎಲೆ ತೂಗುವ ಶೆಡ್ಡಿನಲ್ಲಿ ಕಂಪ್ಯೂಟರ್ ಇಟ್ಟು, ಕಾಡಂಚಿನ ಕ್ಯಾಮೆರಾಗಳಿಗೆ ಜೋಡಿಸಿ, ಆನೆ ಬಂದರೆ ಸೈರನ್ ಕೂಗುತ್ತದೆ, ಕೂಗದಿದ್ದರೆ ಧೈರ್ಯವಾಗಿ ಹೋಗಿ ಎಂದರು. ದೇವನನ್ನು ಮನೆಗೆ ಕಳಿಸಿದರು.

ಆ ಬೆಳಿಗ್ಗೆ ಮಂಜಿತ್ತು. ನಾನು ಶೆಡ್ಡಿನ ಬಳಿ ನಿಂತೆ.

"ಯಾಕೇ ನಿಂತೆ?" ಎಂದಳು ಅಕ್ಕ.

"ಮಂಜು ಸ್ವಲ್ಪ ಬಿಡ್ಲಿ ಕಣಕ್ಕ."

"ಸೈರನ್ ಕೂಗಿಲ್ವಲ್ಲ. ನೀನು ನೋಡ್ತಾ ನಿಂತ್ರೆ ಎಲೆ ತಾನಾಗೇ ಬುಟ್ಟಿಗೆ ಬೀಳ್ತದಾ, ಮಹಾರಾಣಿ?"

ನಗುತ್ತಾ ಇಳಿದಳು. ಬೀಗ ಹಾಕಿದ್ದ ಶೆಡ್ಡಿನೊಳಗೆ ಆಗಲೇ ಆನೆ ಕಂಡು ಕಂಪ್ಯೂಟರಿನ ಪರದೆ ಕೆಂಪಾಗಿತ್ತೆಂದು ಗೊತ್ತಾದದ್ದು ಅವಳನ್ನು ಹೊತ್ತು ತಂದ ಮೇಲೆ.

ನಿಮ್ಮ ತಂತ್ರಜ್ಞರು ಬಂದು ಸಮಾಧಾನವಾಗಿ ವಿವರಿಸಿದರು. ಕಂಪ್ಯೂಟರನ್ನು ನಡೆಸುವುದು ಲಿನಕ್ಸ್ ಎಂಬ ವ್ಯವಸ್ಥೆ. ತಂತ್ರಾಂಶ ಬರೆದದ್ದು ವಿಂಡೋಸ್ ಎಂಬ ಬೇರೆ ವ್ಯವಸ್ಥೆಗೆ. ಲಿನಕ್ಸಿಗೆಂದೇ ಬರೆಸುವ ಬದಲು ನಡುವೆ ಅದರ ಮಾತನ್ನು ಇದಕ್ಕೆ ದಾಟಿಸುವ ಹೊಂದಾಣಿಕೆಯ ಪದರವೊಂದನ್ನು ಇಟ್ಟು ಓಡಿಸುತ್ತಿದ್ದಾರೆ. ಹಿಂದಿನ ದಿನದ ಅಪ್‌ಡೇಟ್ ಆದ ಮೇಲೆ ಆ ಪದರ ಧ್ವನಿಯನ್ನು ದಾಟಿಸಲಿಲ್ಲ. "ಮಿಕ್ಕದ್ದೆಲ್ಲಾ ಓಡ್ತಿದೆಯಲ್ಲಮ್ಮಾ" ಎಂದರು. ಸ್ವಾಮಿ, ಸೈರನ್ನಿನಲ್ಲಿ ಸದ್ದು ಬಿಟ್ಟರೆ ಮಿಕ್ಕದ್ದು ಯಾವುದು?

ಲಿನಕ್ಸ್ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ಮಗಳು ಅಭಿನಯಾ ಅದರಲ್ಲೇ ಪಾಠ ಓದುತ್ತಾಳೆ. ಅವಳ ಕಂಪ್ಯೂಟರ್ ಆಟಕ್ಕೆ ನಿಮ್ಮ ಪದರವೂ ಸಾಕು. ನಿಂತುಹೋದರೆ ಮತ್ತೆ ಶುರು ಮಾಡಬಹುದು. ತೋಟಕ್ಕೆ ಇಳಿದವಳಿಗೆ ಆ ಅನುಕೂಲ ಇದೆಯೇ? ಲಿನಕ್ಸನ್ನು ಆರಿಸಿ ಕೊಟ್ಟವರು ನೀವೇ. ಅದಕ್ಕೆಂದೇ ಬರೆದ ತಂತ್ರಾಂಶ ಕೇಳುವುದು ನಮ್ಮ ದುರಾಸೆಯೇ?

ಈಗ ಹಲಸು ಹಣ್ಣಾಗುತ್ತಿದೆ. ಆ ವಾಸನೆ ನಮಗಿಂತ ಮೊದಲು ಆನೆಗಳಿಗೆ ತಿಳಿಯುತ್ತದೆ. ನಿಮ್ಮವರು ಧ್ವನಿ ಸರಿಮಾಡಿ ಹೋದ ಮೇಲೆ ಇನ್ನೊಂದು ಅಪ್‌ಡೇಟ್ ಆಗಿದೆ. ಆಮೇಲೆ ಸೈರನ್ ಕೂಗಿಲ್ಲ. ಆನೆ ಬಂದಿಲ್ಲವೋ, ಧ್ವನಿ ಬಂದಿಲ್ಲವೋ, ಹೇಳುವವರಿಲ್ಲ.

ಲಿನಕ್ಸಿಗೆಂದೇ ತಂತ್ರಾಂಶ ಬರೆಸಿ. ಅಲ್ಲಿಯವರೆಗೆ ದೇವನನ್ನು ಅವನ ತಗಡಿನ ಜೊತೆ ವಾಪಸು ಕರೆಸಿ. ಎಲೆ ಬಲಿತರೆ ಫ್ಯಾಕ್ಟರಿಯವರು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಾಳೆಯೂ ಹೆಂಗಸರು ಬುಟ್ಟಿ ಹಿಡಿದು ಶೆಡ್ಡಿನ ಮುಂದೆ ನಿಂತು ಕಿವಿಗೊಡುತ್ತಾರೆ. ಏನೂ ಕೇಳಿಸದಿದ್ದರೆ ಇಳಿಯುತ್ತಾರೆ.

ಇಂತಿ,
ದೇವನ ಕೂಗಿಗೆ ಇನ್ನೂ ಕಾದು ನಿಂತಿರುವ
ಪ್ರೇಮಲತಾ