ಕಾಣದ ಹಾಗೆ ಬೆರೆಸಿದ ಸೊಪ್ಪು

ಬುಚಿ, ಕಿಟ್ವೆ
11 ಮಾರ್ಚ್ 2018, ಭಾನುವಾರ

ಲೊಂಬೆಯ ತಾಯಿಗೆ,

ಪ್ರೀತಿಯ ಸೊಸೆಗೆ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಸುಳ್ಳು ಬರೆಯುವುದಕ್ಕಿಂತ ಇದೇ ಸರಿ. ನೀನು ಲೊಂಬೆಯ ತಾಯಿ ಅನ್ನುವುದನ್ನು ಯಾವ ನ್ಯಾಯಾಧೀಶನೂ ಅಳಿಸಿಲ್ಲ, ನಾನೂ ಅಳಿಸಲಾರೆ. ಆರೋಗ್ಯ ಹೇಗಿದೆ? ಜೈಲಿನ ಹೊಲದಲ್ಲಿ ನಿಮ್ಮನ್ನು ಬಿಸಿಲಲ್ಲೇ ದುಡಿಸುತ್ತಾರಂತೆ, ಚರ್ಚಿನಿಂದ ಬಂದು ಹೋಗುವ ಹೆಂಗಸರು ಹೇಳಿದರು. ನೀನು ತುಂಬಾ ಇಳಿದುಹೋಗಿದ್ದೀಯ ಎಂದರು. ನಿನ್ನ ಎಡಗಿವಿ ಈಗ ಹೇಗಿದೆ? ಕೀವು ನಿಂತಿತೇ, ಇಲ್ಲ ರಾತ್ರಿ ಮಲಗಿದಾಗ ಇನ್ನೂ ಸೋರುತ್ತದೆಯೇ? ಅಲ್ಲಿ ಡಾಕ್ಟರು ಬಂದರೆ ನಾಚಿಕೊಳ್ಳದೆ ತೋರಿಸು. ಹೇಗಾಯಿತು ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು. ನನ್ನ ಮಗ ಸತ್ತಿದ್ದಾನೆ, ಆ ಏಟು ಯಾರದ್ದೆಂದು ಹೇಳಿದರೆ ಅವನಿಗೆ ಇನ್ನು ಯಾವ ಅವಮಾನವೂ ಇಲ್ಲ. ನನಗೆ ಎಂದಿನ ಮಂಡಿನೋವು. ಮಳೆ ನಿಲ್ಲುವ ಹೊತ್ತಿಗೆ ಅದೂ ತಗ್ಗೀತು.

ಒಂದು ವರ್ಷ ಕಳೆದ ಮೇಲೆ ಈ ಮುದುಕಿಗೆ ಏನು ಬಂತು ಅಂದುಕೊಳ್ಳುತ್ತೀಯ. ಲೊಂಬೆಯ ವಿಷಯ ಬರೆಯಬೇಕಿತ್ತು. ಮೊದಲೇ ಹೇಳುತ್ತೇನೆ, ಅವಳು ಬದುಕಿದ್ದಾಳೆ, ನಡೆದಾಡುತ್ತಾಳೆ, ಎದೆ ಹಿಡಿದುಕೊಂಡು ಓದಬೇಡ. ಆದರೆ ನಡುವೆ ಒಮ್ಮೆ ನಾನೇ ಹೆದರಿಬಿಟ್ಟಿದ್ದೆ.

ಆ ದಿನದಿಂದ ಅವಳು ಸೊಪ್ಪು ಮುಟ್ಟುವುದನ್ನೇ ಬಿಟ್ಟಳು. ನೀನು ಒನಕೆ ಹಿಡಿದು ಶೇಂಗಾ ಕುಟ್ಟುತ್ತಿದ್ದೆ, ಒಲೆಯ ಮೇಲೆ ಕುಂಬಳದ ಸೊಪ್ಪು ಬೇಯುತ್ತಿತ್ತು. ನಾನು ಬಾಗಿಲು ಬಡಿದು ಬಡಿದು, ಕೊನೆಗೆ ಅಕ್ಕಪಕ್ಕದವರು ಅಗುಳಿ ಮುರಿದು ಒಳಗೆ ಹೋದಾಗ ಮಗು ಮೂಲೆಯಲ್ಲಿ ನಿಂತಿತ್ತು. ಪಾತ್ರೆ ಉರುಳಿ ಆ ಸೊಪ್ಪೆಲ್ಲ ನನ್ನ ಮಗ ಕತೊಂಗೊನ ಮೈಸುತ್ತ ನೆಲದ ಮೇಲೆ ಹರಡಿತ್ತು. ಅದನ್ನು ನೀನು ನೋಡಿದೆಯೋ ಇಲ್ಲವೋ ಗೊತ್ತಿಲ್ಲ, ನಿನ್ನ ಕಣ್ಣು ಎಲ್ಲೋ ಇತ್ತು. ಮಗು ನೋಡಿದೆ. ಅಂದಿನಿಂದ ತಟ್ಟೆಯಲ್ಲಿ ಹಸಿರು ಕಂಡರೆ ಬಾಯಿ ಬಿಗಿದುಕೊಳ್ಳುತ್ತಾಳೆ, ಕೂಗುವುದಿಲ್ಲ, ಅಳುವುದಿಲ್ಲ. ಬರೀ ಮುದ್ದೆ, ಉಪ್ಪು, ಮನಸ್ಸಾದರೆ ಸಾರಿನ ನೀರು. ಮಗುವಿನ ಹಠ, ಹಸಿದರೆ ತಾನೇ ತಿಂತಾಳೆ ಎಂದು ನಾನೂ ಸ್ವಲ್ಪ ದಿನ ಸುಮ್ಮನಿದ್ದೆ. ನೆರೆಮನೆಯ ಚೋಲಾನ ಅಮ್ಮನಂತೂ, "ನನ್ನ ಕೈಗೆ ಕೊಡು, ಮೂಗು ಹಿಡಿದು ತುರುಕ್ತೀನಿ, ಇವರಪ್ಪನ್ನೂ ನೀನು ಹಿಂಗೇ ಮುದ್ದು ಮಾಡಿ ಕೆಡಿಸಿದ್ದು" ಅಂದಳು. ಅವಳ ಬಾಯಿ ನಿನಗೆ ಗೊತ್ತಲ್ಲ. ಅದಕ್ಕೆ ನಾನು ಮೂರು ದಿನ ಅವಳ ಜೊತೆ ಮಾತು ಬಿಟ್ಟೆ, ನಾಲ್ಕನೇ ದಿನ ಬೆಂಕಿ ಕೇಳಲು ಅವಳ ಮನೆಗೇ ಹೋದೆ.

ಕ್ರಿಸ್ಮಸ್ ಮುಗಿದ ಮೇಲೆ ಮಗು ಆಡಲು ಹೋಗುವುದೂ ನಿಂತಿತು. ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಒಂದು ಮಧ್ಯಾಹ್ನ ಹಿತ್ತಲ ಗೋಡೆಯಲ್ಲಿ ಇಲಿ ಕೊರೆದ ಹಾಗೆ ಗುಳಿ ಕಂಡೆ. ಕೆಳಗೆ ಕೂತು ನೋಡಿದರೆ ಉಗುರಿನ ಗುರುತು. ಅವಳ ಬಾಯಿ ತೆರೆಸಿದರೆ ಹಲ್ಲಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು. ನಾನು ಬೆನ್ನಿಗೆ ಕಟ್ಟಿಕೊಂಡು ಕ್ಲಿನಿಕ್ಕಿಗೆ ಹೋದೆ. ಆರು ವರ್ಷದ ಮಗುವನ್ನು ಈ ಮಂಡಿ ಇಟ್ಟುಕೊಂಡು ಅಷ್ಟು ದೂರ ಹೊತ್ತೆನಲ್ಲ, ಭಾರವೇ ಆಗಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ನರ್ಸಮ್ಮ ಅವಳ ಕೆಳಗಿನ ರೆಪ್ಪೆ ಎಳೆದು ನನಗೆ ತೋರಿಸಿದಳು. ಒಳಗೆ ಮೀನಿನ ಹೊಟ್ಟೆಯ ಹಾಗೆ ಬೆಳ್ಳಗೆ. "ರಕ್ತವೇ ಇಲ್ಲ ಅಜ್ಜಿ ಈ ಮಗೂಗೆ. ಟಾನಿಕ್ ಕೊಡ್ತೀನಿ, ಆದ್ರೆ ಅದೊಂದೇ ಸಾಲದು. ಈಲಿ, ಮಾಂಸ, ಕಡುಹಸಿರು ಸೊಪ್ಪು ಹೊಟ್ಟೆಗೆ ಹೋಗ್ಲೇಬೇಕು. ಮುಂದಿನ ತಿಂಗಳೂ ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಹಾಕ್ಬೇಕಾಗುತ್ತೆ, ಆಗ ನನ್ನ ಬೈಬೇಡಿ." ಅಮ್ಮ ಎಲ್ಲಿ ಎಂದೂ ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಮಗುವೇ "ಜೈಲಲ್ಲಿ" ಅಂದಿತು, ಅಂಗಡಿಯಲ್ಲಿ ಅನ್ನುವ ಹಾಗೆ.

ಟಾನಿಕ್ಕನ್ನು ಎರಡು ಸಲ ವಾಂತಿ ಮಾಡಿದಳು. ಸೊಪ್ಪನ್ನು ಸಾರಿನಲ್ಲಿ ಕರಗಿಸಿದೆ, ಬಣ್ಣ ನೋಡಿ ತಟ್ಟೆ ದೂಡಿದಳು. ಮುದ್ದೆಯೊಳಗೆ ಇಟ್ಟು ಉಂಡೆ ಮಾಡಿದೆ, ಬೆರಳಲ್ಲಿ ಬಿಡಿಸಿ ಹೊರತೆಗೆದಳು. ಕೊನೆಗೆ ನನಗೇ ಸಿಟ್ಟು ನೆತ್ತಿಗೇರಿ, "ಮತ್ತೇನು ತಿಂತೀಯೆ, ಅದನ್ನಾದ್ರೂ ಹೇಳು" ಎಂದೆ. "ಅಮ್ಮ ಮಾಡ್ತಿದ್ಳಲ್ಲ, ದುಂಡಗಿಂದು" ಅಂದಳು.

ನಿನ್ನ ಕೋಳಿ ಪ್ಯಾಟಿ. ಶಾಲೆಯ ಗೇಟಿನ ಮುಂದೆ ಬನ್ನಿನೊಳಗಿಟ್ಟು ಮಾರುತ್ತಿದ್ದೆಯಲ್ಲ. ಹಲ್ಲು ಬಿದ್ದ ಮೇಲೆ ನಾವು ತಿನ್ನಬೇಕಾದ್ದನ್ನು ಹಲ್ಲಿರುವ ಮಕ್ಕಳಿಗೆ ತಿನ್ನಿಸುತ್ತಾಳೆ ಎಂದು ನಾನು ನಗುತ್ತಿದ್ದೆ. ನೀನು ಅದರೊಳಗೆ ಕ್ಯಾರೆಟ್ಟು, ಸೊಪ್ಪು ಎಲ್ಲ ತುರುಕುತ್ತಿದ್ದೆ, ಶಾಲೆಯ ಹುಡುಗರಿಗೆ ಗೊತ್ತೇ ಆಗುತ್ತಿರಲಿಲ್ಲ. ಅಷ್ಟು ಮಾತ್ರ ನೆನಪಿತ್ತು. ಹೇಗೆ ಮಾಡುತ್ತಿದ್ದೆ ಎಂದು ನಾನು ಯಾವತ್ತೂ ನೋಡಿರಲಿಲ್ಲ. ಸೊಸೆಯ ಒಲೆಯ ಮುಂದೆ ಅತ್ತೆ ಇಣುಕಬಾರದು ಎಂದು ನನ್ನ ತಾಯಿ ಕಲಿಸಿದ್ದಳು.

ನೀನು ಸಾಕಿದ ಕೋಳಿಗಳಲ್ಲಿ ಆ ಕುಂಟ ಹೇಂಟೆಯನ್ನು ಕೊಯ್ದೆ, ಮೊಟ್ಟೆ ನಿಲ್ಲಿಸಿತ್ತು. ಮಾಂಸ ಬಿಡಿಸಿ, ಕುಟ್ಟಬೇಕಲ್ಲ ಎಂದು ನೋಡಿದರೆ ಒನಕೆ ಇಲ್ಲ. ಆ ದಿನ ನಿನ್ನ ಕೈಯಲ್ಲಿದ್ದದ್ದನ್ನು ಪೊಲೀಸರು ಒಯ್ದ ಮೇಲೆ ಈ ಮನೆಗೆ ಇನ್ನೊಂದು ಒನಕೆ ಬಂದಿಲ್ಲ. ಚೋಲಾನ ಅಮ್ಮನದ್ದು ಕೇಳಿ ತಂದೆ. ಒರಳಿಗೆ ಮಾಂಸ ಹಾಕಿ ಎರಡು ಪೆಟ್ಟು ಹಾಕಿರಬೇಕು, ಬಾಗಿಲಲ್ಲಿ ಕೂತಿದ್ದ ಮಗು ಇಲ್ಲ. ಒನಕೆ ಬಿಸಾಕಿ ಓಡಿದೆ. ಬೀದಿ ಪೂರ್ತಿ ಹುಡುಕಿದೆವು. ನಲ್ಲಿಯ ಹತ್ತಿರದ ಚರಂಡಿ ಪೈಪಿನೊಳಗೆ ಮುದುರಿ ಕೂತಿದ್ದಳು, ಎರಡೂ ಕಿವಿ ಮುಚ್ಚಿಕೊಂಡು. ಹೊರಗೆ ಕರೆದರೆ ಬರಲಿಲ್ಲ. ಚೋಲಾನ ಅಮ್ಮ, ಅಷ್ಟು ದಪ್ಪ ಹೆಂಗಸು, ಚರಂಡಿಯ ನೀರಲ್ಲೇ ಮಲಗಿ ಕೈ ಚಾಚಿ, "ಬಾರೆ ನನ್ನವ್ವ, ಆ ಒನಕೇನ ಸೌದೆ ಮಾಡಿ ಸುಟ್ಟುಬಿಡ್ತೀನಿ, ನನಗಾದ್ರೂ ಯಾಕೆ ಬೇಕು ಅದು" ಎಂದು ಬೇಡಿಕೊಂಡಳು. ಹಾಗೇ ಮಾಡಿದಳು ಕೂಡ. ಅವತ್ತು ಸಂಜೆ ಅವಳ ಒಲೆಯಲ್ಲಿ ಉರಿದದ್ದು ಅದೇ. ಈಗ ಅವಳು ಕುಟ್ಟಲು ಮೂರು ಮನೆ ಆಚೆ ಹೋಗುತ್ತಾಳೆ. ಅವಳ ಬಾಯಿಯ ಬಗ್ಗೆ ನಾನು ಬರೆದದ್ದನ್ನು ಮರೆತುಬಿಡು.

ಮಾಂಸವನ್ನು ಚಾಕುವಿನಲ್ಲಿ ಕೊಚ್ಚಿದೆ. ಸದ್ದು ಬಾರದ ಹಾಗೆ, ಹಲಗೆಯ ಕೆಳಗೆ ಹಳೇ ಬಟ್ಟೆ ಮಡಚಿ ಹಾಕಿ. ಮೊದಲ ಸಲ ಮಾಡಿದ್ದು ಪ್ಯಾಟಿಯಲ್ಲ, ಅದಕ್ಕೆ ಹೆಸರೇ ಇಲ್ಲ. ಸೊಪ್ಪು ಬೇಯಿಸಿ ಹಾಗೇ ಬೆರೆಸಿದ್ದೆ, ಬಾಣಲೆಗೆ ಬಿದ್ದ ಕೂಡಲೇ ನೀರು ಬಿಟ್ಟು ಒಡೆದು, ಹಸಿರು ಹಸಿರಾಗಿ ಎಣ್ಣೆಯಲ್ಲಿ ತೇಲಿತು. ಮಗು ನೋಡಿ ಎದ್ದುಹೋದಳು. ಅದನ್ನೆಲ್ಲ ನಾನೇ ತಿಂದೆ, ಕೋಳಿ ಸತ್ತದ್ದು ವ್ಯರ್ಥವಾಗಬಾರದಲ್ಲ. ಮುಂದಿನ ಸಲ ಸೊಪ್ಪನ್ನು ಬೇಯಿಸಿ ಬಟ್ಟೆಯಲ್ಲಿ ಕಟ್ಟಿ, ಕೈ ಸೋಲುವ ತನಕ ಹಿಂಡಿದೆ. ಕರಿದ ಈರುಳ್ಳಿಯ ಜೊತೆ ಅದನ್ನು ಕಪ್ಪಾಗುವ ಹಾಗೆ ಹುರಿದು ಎಳೆ ಕಾಣದಂತೆ ಕೊಚ್ಚಿದೆ. ಕ್ಯಾರೆಟ್ಟು ತುರಿದೆ, ಬೆಂದ ಕುಂಬಳಕಾಯಿ ಕಿವುಚಿದೆ, ಈಲಿಯನ್ನು ಅರೆದು ಸೇರಿಸಿದೆ. ಒಣಗಿದ ಬನ್ನಿನ ಪುಡಿ ಹಾಕಿದ ಮೇಲೆ ಕೈಗೆ ಅಂಟುವುದು ಬಿಟ್ಟಿತು. ಚಪ್ಪಟೆ ತಟ್ಟಿ, ಹೊರಗಡೆ ಕಂದು ಬಣ್ಣ ಗಟ್ಟಿಯಾಗುವ ತನಕ ಬೇಯಿಸಿದೆ. ಮುರಿದರೂ ಒಳಗೆ ಏನೂ ಗೊತ್ತಾಗುತ್ತಿರಲಿಲ್ಲ.

ತಟ್ಟೆ ಮುಂದಿಟ್ಟು ನಾನು ಬೇಕೆಂದೇ ಹೊರಗೆ ಬಂದು ನಿಂತೆ. ಬಟ್ಟೆ ಒಣಹಾಕುವ ನೆಪ, ಕೈಯಲ್ಲಿ ಬಟ್ಟೆಯೇ ಇರಲಿಲ್ಲ. ಒಳಗೆ ಬಂದಾಗ ಒಂದು ಮುಗಿದಿತ್ತು, ಇನ್ನೊಂದು ಕೈಯಲ್ಲಿತ್ತು. ತಲೆಯೆತ್ತದೆ, "ಅಮ್ಮಂದು ಮೆತ್ತಗಿರ್ತಿತ್ತು" ಅಂದಳು. ನಾನು, "ಹೌದಮ್ಮ, ನಿಮ್ಮಮ್ಮನ ಕೈ ಬೇರೆ" ಅಂದೆ. ಅಂದಮೇಲೆ ನನಗೇ ಒಂದು ಥರ ಆಯಿತು. ನಿನ್ನ ಕೈಯ ಬಗ್ಗೆ ಈ ಮನೆಯಲ್ಲಿ ಯಾರೂ ಒಳ್ಳೆಯ ಮಾತಾಡಿ ಎಷ್ಟು ದಿನವಾಗಿತ್ತೋ.

ಈಗ ವಾರಕ್ಕೆ ಎರಡು ಸಲ ಮಾಡುತ್ತೇನೆ. ನಿನ್ನ ಕೋಳಿಗಳು ಮುಗಿಯುತ್ತಾ ಬಂದಿವೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ಅವಳ ರೆಪ್ಪೆಯೊಳಗೆ ತೆಳುವಾಗಿ ಕೆಂಪು ಬಂದಿದೆ. ಗೋಡೆಯ ಗುಳಿ ದೊಡ್ಡದಾಗಿಲ್ಲ. ಕಳೆದ ವಾರ ಚೋಲಾನ ಅಮ್ಮ ತಮಾಷೆಗೆ, "ಏನೇ, ನಿಮ್ಮಜ್ಜಿ ಅದರೊಳಗೆ ಏನೇನು ಹಾಕ್ತಾಳೆ ಗೊತ್ತಾ" ಎಂದು ಕೇಳಿದಳು. ನಾನು ಕಣ್ಣಲ್ಲೇ ಬೈದೆ. ಮಗು ಅಗಿಯುತ್ತಲೇ, "ಸೊಪ್ಪು. ಗೊತ್ತು ನಂಗೆ. ಕಾಣಿಸ್ದೆ ಇದ್ರೆ ತಿನ್ನಬಹುದು" ಅಂದಳು.

ಇದೆಲ್ಲ ನನ್ನ ಅಣ್ಣನಿಗೆ ಹಿಡಿಸಿಲ್ಲ. ಅವನು ನಿನ್ನ ಗಂಡನ ಸೋದರಮಾವ, ತಂಗಿಯ ಮಗನಾದ್ದರಿಂದ ಕತೊಂಗೊ ಅವನ ಕುಲದ ಹುಡುಗ, ಅವನ ಸಂಕಟವೂ ದೊಡ್ಡದೇ. ಕೋರ್ಟಿನಲ್ಲಿ ನಾನು ಹೇಳಿದ ಸಾಕ್ಷಿಯನ್ನು ಅವನು ಇನ್ನೂ ಜೀರ್ಣಿಸಿಕೊಂಡಿಲ್ಲ. ಬಾಗಿಲು ಹಾಕಿದ್ದು ನನ್ನ ಮಗನೇ, ಅವನು ಕುಡಿದಿದ್ದ, ಮೊದಲು ಕೂಗಿಕೊಂಡದ್ದು ಅವಳು ಎಂದು ನಾನು ಹೇಳಿದೆ, ಏಕೆಂದರೆ ನಾನು ಕೇಳಿಸಿಕೊಂಡದ್ದು ಅದೇ. ಹೋದ ತಿಂಗಳು ಬಂದವನು ತಟ್ಟೆಯಲ್ಲಿದ್ದ ಪ್ಯಾಟಿ ನೋಡಿ, "ಮಗನ್ನ ಕೊಂದವಳ ಮಗಳಿಗೆ ಕೋಳಿ ಕೊಯ್ದು ಹಾಕ್ತಿದೀಯ, ನಿನಗೆ ಬುದ್ಧಿ ನೆಟ್ಟಗಿದೆಯಾ" ಎಂದ, ಮಗು ಅಲ್ಲೇ ಇತ್ತು. "ನನ್ನ ಮಗನ ಮಗಳಿಗೆ ಹಾಕ್ತಿದೀನಿ. ಮುಖ ನೋಡು ಅವಳದ್ದು, ಆಮೇಲೆ ಮಾತಾಡು" ಎಂದೆ. ಅವನು ನೋಡಿದ. ಹಣೆ, ಗಲ್ಲ, ಸಿಟ್ಟು ಬಂದಾಗ ಮೂಗು ಅರಳಿಸುವುದು, ಎಲ್ಲ ಕತೊಂಗೊನದ್ದೇ. ಟೋಪಿ ಹಾಕಿಕೊಂಡು ಹೊರಟುಹೋದ. ಮತ್ತೆ ಬಂದಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಪಾದ್ರಿಗಳು ಪ್ರತಿ ಭಾನುವಾರ ಕ್ಷಮಿಸು ಅನ್ನುತ್ತಾರೆ, ನಾನು ತಲೆ ತಗ್ಗಿಸಿ ಕೂತಿರುತ್ತೇನೆ. ಅವನು ನಿನಗೆ ಏನು ಮಾಡುತ್ತಿದ್ದ ಎಂದು ನನಗೆ ಗೊತ್ತು. ಅವನು ನನ್ನ ಒಬ್ಬನೇ ಮಗ ಎಂದೂ ಗೊತ್ತು. ಈ ಎರಡನ್ನೂ ಒಟ್ಟಿಗೆ ಎಲ್ಲಿಡಬೇಕು ಎಂದು ಯಾರೂ ನನಗೆ ಹೇಳಿಕೊಟ್ಟಿಲ್ಲ. ಬೀದಿಯಲ್ಲಿ ಜನ ಈಗಲೂ ನನ್ನನ್ನು ಕತೊಂಗೊನ ಅಮ್ಮ ಎಂದೇ ಕರೆಯುತ್ತಾರೆ, ಬೇರೆ ಹೆಸರಿಂದ ಕರೆದರೆ ನಾನು ತಿರುಗಿಯೂ ನೋಡುವುದಿಲ್ಲವೇನೋ.

ಕೇಳಬೇಕಾದದ್ದು ಕೇಳಿಬಿಡುತ್ತೇನೆ. ಅದು ಮೆತ್ತಗಾಗಲು ನೀನು ಏನು ಹಾಕುತ್ತಿದ್ದೆ? ಮೊಟ್ಟೆಯೇ, ಹಾಲಿನಲ್ಲಿ ನೆನೆಸಿದ ಬನ್ನೇ? ಏನೋ ಒಂದು ವಾಸನೆ ಕಡಿಮೆ ಎಂದು ಮಗು ಅನ್ನುತ್ತಾಳೆ, ಬೆಳ್ಳುಳ್ಳಿಯಲ್ಲ, ಅದನ್ನು ಹಾಕಿ ನೋಡಿದೆ. ಸಿಹಿಗೆಣಸಿನ ಎಳೆಸೊಪ್ಪು ಸೇರಿಸಿದರೆ ಕಹಿಯಾಗುತ್ತದೆಯೇ? ಸುಮ್ಮನೆ ಹೊಗಳಿಕೆ ಬರೆಯಬೇಡ, ಮಾಡುವುದು ಹೇಗೆಂದು ಬರೆ.

ಅಲ್ಲಿಯವರ ಜೊತೆ ಜಗಳ ಬೇಡ. ಕೊಟ್ಟದ್ದನ್ನು ಉಣ್ಣು, ಅದರಲ್ಲಿ ಹುಳ ಇದ್ದರೆ ಆರಿಸಿ ಉಣ್ಣು. ದೇವರು ನಿನ್ನ ಜೀವವನ್ನು ಕಾಯಲಿ. ಇದನ್ನು ಬಾಯ್ಮಾತಿಗೆ ಬರೆಯುತ್ತಿಲ್ಲ, ಲೊಂಬೆಗೆ ನೀನು ಬೇಕು. ಚೋಲಾನ ಅಮ್ಮ ನಿನ್ನನ್ನು ಕೇಳಿದ್ದಾಗಿ ತಿಳಿಸು ಎಂದಳು.

ಇಂತು,
ಕತೊಂಗೊನ ತಾಯಿ

ಬರೆಯದೆ ಬಿಟ್ಟದ್ದು: ಚರ್ಚಿನ ಹೆಂಗಸರು ಹೊರಡುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನ ತಮ್ಮ ಕಪೆಂಬ್ವಾ ಫೋನು ಮಾಡಿದ್ದ. ಈಸ್ಟರ್ ಕಳೆದ ಮೇಲೆ ಬಂದು ಲೊಂಬೆಯನ್ನು ಲುವಿಂಗುವಿನ ತನ್ನ ಮನೆಗೆ ಕರೆದೊಯ್ಯುತ್ತಾನಂತೆ. "ಅಕ್ಕನ ಮಗಳು ನಮ್ಮ ಕುಲದವಳು, ನಿಮ್ಮ ಮನೇಲಿ ಯಾವ ಲೆಕ್ಕಕ್ಕೆ ಇರಬೇಕು ಅಮ್ಮಾ" ಎಂದ. ಮರ್ಯಾದೆಯಿಂದಲೇ ಹೇಳಿದ, ಅವನು ಒಳ್ಳೆಯವನು. ನಮ್ಮ ಕಟ್ಟಳೆಯೂ ಅವನ ಕಡೆಗೇ ಇದೆ. ಮಗು ತಾಯಿಯ ಕುಲದ್ದು, ತಂದೆಯ ತಾಯಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ. ನೀನು ಬೇಡ ಎಂದರೆ ಮಾತ್ರ ಅವನು ನಿಲ್ಲುತ್ತಾನೆ. ಕಳಿಸು ಎಂದು ನೀನು ಬರೆದರೆ ಬಟ್ಟೆ ಕಟ್ಟಿ ಕಳಿಸುತ್ತೇನೆ, ಪ್ಯಾಟಿ ಮಾಡುವುದನ್ನು ಅವನ ಹೆಂಡತಿಗೆ ಹೇಳಿಕೊಡುತ್ತೇನೆ, ಅವಳ ಮನೆಯಲ್ಲಿ ಒನಕೆಯ ಸದ್ದು ಆಗದ ಹಾಗೆ ನೋಡಿಕೊಳ್ಳಲು ಹೇಳುತ್ತೇನೆ. ಆದರೆ ನಿನ್ನನ್ನು ಕೇಳಿಕೊಳ್ಳುತ್ತಿದ್ದೇನೆ. ಅವಳನ್ನು ನನ್ನ ಹತ್ತಿರ ಬಿಡು.