ಎರಡು ಸಲ ಬಿಚ್ಚಿದ ಹೊಲಿಗೆ

ಗುಳೇದಗುಡ್ಡ, ಕ್ರಿ.ಶ. 2167
ನಿಜ ಶ್ರಾವಣದ ಮೂವತ್ತೇಳನೆಯ ದಿನ

ದಾನವ್ವನಿಗೆ,

ತಿಂಗಳಿಗೆ ಮೂವತ್ತೇಳು ದಿನವೇ ಎಂದು ಹುಬ್ಬೇರಿಸಬೇಡ. ನಮ್ಮಲ್ಲಿ ಬೇಸಿಗೆ ಬೆಳೆದಂತೆ ತಿಂಗಳನ್ನೂ ಹಿಗ್ಗಿಸಿಕೊಂಡಿದ್ದೇವೆ. ಮಳೆ ಬೀಳುವ ತನಕ ಶ್ರಾವಣ ಮುಗಿಯುವಂತಿಲ್ಲ. ನನ್ನ ಕನ್ನಡವೂ ನಿನಗೆ ಅಲ್ಲಲ್ಲಿ ತೊಡಕಾದೀತು. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಕಾಗದಗಳಿಂದ ಕಲಿತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನಿನ್ನ ತೊಡೆಯ ಮೇಲೆ ಈಗ ಆಡುತ್ತಿರುವ ಕಿರಿಮಗಳು ಸಿಂಚನಾ ಇದ್ದಾಳಲ್ಲ, ಅವಳ ಮಗಳ ಮೊಮ್ಮಗಳು ನಾನು. ನನಗೆ ನಲವತ್ತೆಂಟು, ನಿನಗಿನ್ನೂ ಮೂವತ್ತಾರು. ಅಜ್ಜಿ ಎನ್ನಲು ನಾಲಿಗೆ ಏಳುತ್ತಿಲ್ಲ, ಹೆಸರು ಹಿಡಿದೇ ಕರೆಯುತ್ತೇನೆ. ವಯಸ್ಸಿನಲ್ಲಿ ದೊಡ್ಡವಳೆಂಬ ಸದರದಿಂದ ನಾಲ್ಕು ಮಾತು ಗಟ್ಟಿಯಾಗಿ ಆಡಿದರೆ ಸಿಟ್ಟು ಮಾಡಿಕೊಳ್ಳಬೇಡ.

ಈ ಕಾಗದ ಮರಳಂಚೆಯಲ್ಲಿ ಬರುತ್ತಿದೆ. ಹಿಂದಿನವರಿಗೆ ಬರೆಯುವ ಅಂಚೆಗೆ ನಾವಿಟ್ಟ ಹೆಸರು ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಮುಟ್ಟಿತೋ ಇಲ್ಲವೋ ಎಂದು ಹೇಳುವವರಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ತನ್ನ ಮುತ್ತಜ್ಜನಿಗೆ ಹೋಳಿಗೆ ಹೂರಣದ ಹದ ಕೇಳಿ ಬರೆದು ಕೂತಿದ್ದಾನೆ, ಪುಣ್ಯಾತ್ಮ! ನಾನು ಇಪ್ಪತ್ತು ವರ್ಷ ನನ್ನ ಸರದಿಯನ್ನು ಹಾಗೇ ಇಟ್ಟುಕೊಂಡಿದ್ದೆ. ನಿನ್ನ ನಾಗರ ಪಂಚಮಿಗೆ ಒಂದು ವಾರ ಮೊದಲು ಮುಟ್ಟಲಿ ಎಂದು ಬೇಡಿಕೊಂಡು ಕಳಿಸುತ್ತಿದ್ದೇನೆ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಮ್ಮೂರಿನ ಸುದ್ದಿ ಕೇಳು. ನಿನ್ನ ಮನೆಯ ಮಗ್ಗದ ಸದ್ದು ಇಲ್ಲಿ ಇನ್ನೂ ನಿಂತಿಲ್ಲ. ಬಿಸಿಲು ತಡೆಯಲು ಓಣಿಗಳ ಮೇಲೆ ನೆರಳುಬಟ್ಟೆ ಕಟ್ಟಿದ್ದೇವೆ, ಅದನ್ನು ನೇಯುವವರೂ ನಾವೇ. ರವಿಕೆಯ ಖಣವನ್ನೂ ನೇಯುತ್ತೇವೆ. ಆದರೆ ನನ್ನ ಕೈಯ ಕೆಲಸ ನೋಡುಬಟ್ಟೆ: ಎದೆಯೊಳಗಿನ ಗಂಟನ್ನು ಕಾಣುವ ಎಳೆಗಳನ್ನು ಸೇರಿಸಿ ನೇಯ್ದ, ಎದೆಗೆ ಸುತ್ತಿಕೊಳ್ಳುವ ಅಗಲ ಪಟ್ಟಿ. ಅಂಚಿಗೆ ನಿಮ್ಮ ಖಣದ ಚಿಕ್ಕಿಗಳನ್ನೇ ಹಾಕುತ್ತೇವೆ, ಇಲ್ಲದಿದ್ದರೆ ನಮ್ಮ ಹೆಂಗಸರು ಮುಟ್ಟುವುದಿಲ್ಲ. ವರ್ಷಕ್ಕೊಮ್ಮೆ ಓಣಿಯ ಹೆಣ್ಣುಮಕ್ಕಳೆಲ್ಲ ಒಂದು ಮನೆಯಲ್ಲಿ ಸೇರಿ, ಮಜ್ಜಿಗೆ ಕುಡಿಯುತ್ತಾ, ಊರವರನ್ನೆಲ್ಲ ಆಡಿಕೊಳ್ಳುತ್ತಾ, ಒಬ್ಬೊಬ್ಬರಾಗಿ ಅದನ್ನು ಸುತ್ತಿಕೊಂಡು ಕೂರುತ್ತಾರೆ. ಆಗ ಒಬ್ಬೊಬ್ಬಳ ಒಡಲೋಲೆ ಬಿಚ್ಚುವುದು ನನ್ನ ಪಾಲಿನ ಕೆಲಸ. ಒಡಲೋಲೆ ಎಂದರೆ ಒಂದು ಹಾಳೆ ಅಷ್ಟೆ. ಮೈನೆರೆದದ್ದು ಯಾವಾಗ, ಮೊದಲ ಹೆರಿಗೆ ಎಷ್ಟನೆಯ ವಯಸ್ಸಿಗೆ, ಒಟ್ಟು ಎಷ್ಟು ಹೆರಿಗೆ, ಪ್ರತಿ ಕೂಸಿಗೆ ಎಷ್ಟು ತಿಂಗಳು ಎದೆಹಾಲು, ಕೊನೆಯ ಹೆರಿಗೆಯಾಗಿ ಎಷ್ಟು ವರ್ಷವಾಯಿತು ಎಂದೆಲ್ಲ ಬರೆದಿರುತ್ತದೆ. ಉಳಿಯದ ಕೂಸುಗಳನ್ನೂ ಬರೆಯಬೇಕು. ಅಲ್ಲಿಗೆ ಬಂದಾಗ ಎಂಥ ಬಾಯಿಬಡುಕಿಯೂ ಮಜ್ಜಿಗೆಯ ಲೋಟ ಕೆಳಗಿಡುತ್ತಾಳೆ. ನಾನೂ ಅವಸರ ಮಾಡುವುದಿಲ್ಲ.

ನಮ್ಮ ಮನೆತನದ ಒಡಲೋಲೆಗಳಲ್ಲಿ ಎಲ್ಲಕ್ಕಿಂತ ಹಳೆಯದು ನಿನ್ನದು. ಅದನ್ನು ಬರೆದವಳು ನಿನ್ನ ಅಕ್ಕ ಕಸ್ತೂರಿ, ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ, ನೀನಿಲ್ಲವಾದ ಮೇಲೆ. ಹೌದು ತಾಯಿ, ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಆ ಹಾಳೆಯ ಜೊತೆಗೆ ಒಂದು ಕುಬಸವೂ ಇದೆ. ನಾಲ್ಕನೆಯ ಬಸಿರಿನಲ್ಲಿ ತವರಿನವರು ಉಡಿ ತುಂಬಿದ ಹಸಿರು ಖಣದಿಂದ ನೀನೇ ಹೊಲಿದುಕೊಂಡದ್ದು. ನಿನ್ನ ಹೊಲಿಗೆ ಚೆನ್ನ, ಒಪ್ಪಿದೆ. ಆದರೆ ಬಲಗಡೆ ಹೊಲಿಗೆ ಹಾಗೇ ಇದೆ. ಎಡಗಡೆ ಮಾತ್ರ ಬಿಚ್ಚಿ ಅರ್ಧ ಬೆರಳು ಸಡಿಲ ಮಾಡಿದ್ದೀ. ಆಮೇಲೆ ಅದನ್ನೂ ಬಿಚ್ಚಿ ಇನ್ನರ್ಧ ಬೆರಳು. ಒಂದೇ ಕಡೆ ಯಾರಾದರೂ ದಪ್ಪಗಾಗುತ್ತಾರೇನೇ ಹುಚ್ಚಿ? ಮೊದಲನೆಯ ಸಲ ಬಿಚ್ಚಿದ್ದು ನೀನು ಈ ಕಾಗದ ಓದುವ ಹೊತ್ತಿಗೆ ಆಗಿಹೋಗಿದೆ. ಎರಡನೆಯದು ಇನ್ನೂ ಆಗಿಲ್ಲ.

ನೀನು ಯಾಕೆ ಸುಮ್ಮನಿದ್ದೀ ಎಂಬುದೂ ಹಾಳೆಯಲ್ಲಿದೆ. ಎಡ ಎದೆಯಲ್ಲಿ ಕೈಗೆ ಗಂಟು ಹತ್ತಿದ ದಿನ ನಿನ್ನ ಅತ್ತೆ ಶಿವಲಿಂಗವ್ವ ಬಿಸಿನೀರಿನ ಅರಿವೆ ಇಟ್ಟು ಕಾಯಿಸಿ ಹೇಳಿದ್ದಳಂತೆ: "ಹಾಲಗಂಟ ಐತಿ, ಕರಗತೈತಿ ಬಿಡ. ನಾಕ ಹಡದು ನಾಕಕ್ಕೂ ಎದಿ ಕೊಟ್ಟಾಕಿಗೆ ಅಂಥಾ ಬ್ಯಾನಿ ಬರಂಗಿಲ್ಲ." ಅದೇ ಉಸಿರಿನಲ್ಲಿ, ಯುಗಾದಿ ಹಬ್ಬಕ್ಕೆ ಬಂದಿದ್ದ, ಮಕ್ಕಳಿಲ್ಲದ ಕಸ್ತೂರಿಯ ಕಡೆ ನೋಡಿ, "ಬಂದರ ಅಂಥಾರಿಗೆ ಬರತೈತಿ" ಎಂದೂ ಅಂದಿದ್ದಳಂತೆ. ಕಸ್ತೂರಿ ಇದನ್ನು ಬರೆದ ಜಾಗದಲ್ಲಿ ಹಾಳೆ ಹರಿದಿದೆ, ಪೆನ್ನು ಅಷ್ಟು ಒತ್ತಿದ್ದಾಳೆ.

ಅತ್ತೆ ಪೂರ್ತಿ ಸುಳ್ಳು ಹೇಳಲಿಲ್ಲ, ತೊಂದರೆ ಇರುವುದೇ ಅಲ್ಲಿ. ಲಕ್ಷಗಟ್ಟಲೆ ಹೆಂಗಸರನ್ನು ನೋಡಿ ತಿಳಿದವರು ಹೇಳುವುದೂ ಸುಮಾರು ಹಾಗೇ ಇದೆ: ಚಿಕ್ಕ ವಯಸ್ಸಿಗೆ ಹಡೆದವರಿಗೆ, ಹೆಚ್ಚು ಹಡೆದವರಿಗೆ, ಹೆಚ್ಚು ಕಾಲ ಹಾಲು ಕುಡಿಸಿದವರಿಗೆ ಸ್ತನದ ಕ್ಯಾನ್ಸರ್ ಒಟ್ಟಿನಲ್ಲಿ ಕಡಿಮೆ. ಹಡೆಯದವರಿಗೆ, ತಡವಾಗಿ ಹಡೆದವರಿಗೆ ತುಸು ಹೆಚ್ಚು. ನಿಮ್ಮ ಕಾಲದ ಡಾಕ್ಟರರಿಗೂ ಇದು ಗೊತ್ತಿತ್ತು. ಆದರೆ "ಕಡಿಮೆ" ಎನ್ನುವುದನ್ನು ನಿಮ್ಮ ಮನೆಯವರು "ಇಲ್ಲವೇ ಇಲ್ಲ" ಎಂದು ಕೇಳಿಸಿಕೊಂಡರು. ಇನ್ನೊಂದು ಮಾತು ಅತ್ತೆಗೆ ಗೊತ್ತೇ ಇರಲಿಲ್ಲ. ಹೆರಿಗೆಯಾದ ಕೂಡಲೇ ಆ ರಕ್ಷೆ ಸಿಗುವುದಿಲ್ಲ. ಮುಂದಿನ ಕೆಲವು ವರ್ಷ ಅಪಾಯ ತುಸು ಏರಿಯೇ ಇರುತ್ತದೆ, ಮೂವತ್ತೈದರ ಹತ್ತಿರ ಹಡೆದವರಿಗೆ ಇನ್ನಷ್ಟು. ಬಹಳ ವರ್ಷದ ಮೇಲೆ ಇಳಿಯುತ್ತದೆ. ಸಿಂಚನಾಳನ್ನು ಹಡೆದಾಗ ನಿನಗೆ ಮೂವತ್ತೈದು, ಅವಳಿಗೀಗ ಹದಿನಾಲ್ಕು ತಿಂಗಳು. ಮೊದಲ ಮೂರು ಹೆರಿಗೆಯ ಧೈರ್ಯದ ಮೇಲೆ ನಾಲ್ಕನೆಯದರ ಗಂಟನ್ನು ನೀನು ಮರೆತುಬಿಟ್ಟೆ.

ಕಸ್ತೂರಿಯ ವಿಷಯ ಹೇಳಿಬಿಡುತ್ತೇನೆ. ಊರವರೆಲ್ಲ ಯಾರಿಗೆ ಬರುತ್ತದೆಂದು ಕಾದಿದ್ದರೋ ಅವಳಿಗೆ ಆ ರೋಗ ಬರಲೇ ಇಲ್ಲ. ಎಂಬತ್ತೆಂಟು ವರ್ಷ ಬದುಕಿದಳು. ಹಡೆಯದಿರುವುದು ಅವಳ ತಪ್ಪಾಗಿರಲಿಲ್ಲ, ನಿನಗೆ ಬಂದದ್ದು ನಿನ್ನ ಪಾಪವೂ ಅಲ್ಲ. ಸಿಂಚನಾಳನ್ನು ಗಜೇಂದ್ರಗಡದ ತನ್ನ ಮನೆಗೆ ಕರೆದುಕೊಂಡು ಹೋಗಿ ಸಾಕಿದವಳು ಅವಳೇ. ಅಲ್ಲೇ ಬೆಳೆದು, ಅಲ್ಲೇ ಒಬ್ಬನನ್ನು ಮೆಚ್ಚಿ ಮದುವೆಯಾದಳು ನಿನ್ನ ಮಗಳು. ನಾವೆಲ್ಲ ಬಂದದ್ದು ಆ ದಾರಿಯಿಂದ. ನಿನ್ನ ಕೂಸು ಮೊದಲು "ಅವ್ವ" ಅಂದದ್ದು ಕಸ್ತೂರಿಗೆ. ಅದನ್ನು ಬರೆಯುವಾಗ ಅವಳು ಸಂತೋಷಪಟ್ಟಂತೆ ನನಗೆ ಕಾಣುವುದಿಲ್ಲ.

ಹಾಳೆಯ ಕೊನೆಯಲ್ಲಿ ಪಂಚಮಿಯ ಮಾತು ಬರುತ್ತದೆ, ಅದಕ್ಕಾಗಿಯೇ ಈ ಅವಸರ. ಬರುವ ವಾರ ಅಕ್ಕ ತಂಗಿ ಇಬ್ಬರೂ ಇಳಕಲ್ಲಿನ ತವರಿಗೆ ಹೋಗುತ್ತೀರಿ. ಹಬ್ಬದ ಉಂಡಿ ಕಟ್ಟಿ ಮುಗಿದ ಮೇಲೆ ನೀನು ಒಳಕೋಣೆಯಲ್ಲಿ ಕೂತು ಈ ಹಸಿರು ಕುಬಸದ ಎಡಗಡೆ ಮತ್ತೆ ಬಿಚ್ಚುತ್ತಿರುತ್ತೀ. ಕಸ್ತೂರಿ ಬಾಗಿಲಲ್ಲಿ ನಿಂತು ನಗುತ್ತಾಳೆ: "ದಪ್ಪ ಆಗೀಯೇನ ಬೇ?" ನೀನೂ ನಕ್ಕು, "ಹಾಲಗಂಟ ಐತಿ ಯಕ್ಕಾ, ನಿನಗೇನ ತಿಳೀತೈತಿ" ಅನ್ನುತ್ತೀ. ಅವಳು ಮೋರೆ ಸಣ್ಣದು ಮಾಡಿಕೊಂಡು ಪಂಚಮಿಗೆ ಕಟ್ಟಿದ ಜೋಕಾಲಿಯ ಕಡೆ ಹೋಗುತ್ತಾಳೆ. "ನಾ ಅವತ್ತ ಸಿಟ್ಟಾಗದ ಒಮ್ಮೆ ಮುಟ್ಟಿ ನೋಡಬೇಕಿತ್ತು" ಎಂಬುದೇ ಆ ಹಾಳೆಯ ಕೊನೆಯ ಸಾಲು. ಸುಮಾರು ಐವತ್ತು ವರ್ಷ ಅವಳು ಆ ಸಾಲನ್ನು ಹೊತ್ತುಕೊಂಡೇ ತಿರುಗಿದಳು.

ಅದಕ್ಕೆ, ಕೈ ಮುಗಿದು ಕೇಳುತ್ತೇನೆ. ಅವಳು ಹಾಗೆ ನಕ್ಕಾಗ ಸೂಜಿ ಕೆಳಗಿಡು. ಅವಳ ಕೈ ಹಿಡಿದು ಎಳೆದು ಗಂಟಿನ ಮೇಲೆ ಇಡು. ಹಾಲುಗಂಟಾಗಿದ್ದರೆ ಕೂಸು ಕುಡಿದಂತೆ ನಾಲ್ಕಾರು ದಿನಕ್ಕೆ ಕರಗಬೇಕಿತ್ತು; ನಿನ್ನದು ಯುಗಾದಿಯಿಂದ ಇದೆ. ಗಂಟುಗಳಲ್ಲಿ ಹೆಚ್ಚಿನವು ಏನೂ ಅಲ್ಲದವೇ, ಹೆದರಿ ಸಾಯಬೇಡ. ಆದರೆ ನಿನ್ನದನ್ನು ತೋರಿಸಲೇಬೇಕು. ಮರುದಿನವೇ ಇಬ್ಬರೂ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೋಗಿ. ಅಲ್ಲಿ ಎಷ್ಟು ಹೆರಿಗೆ, ಯಾವ ವಯಸ್ಸಿಗೆ, ಎಷ್ಟು ತಿಂಗಳು ಹಾಲು ಎಂದು ಕೇಳುತ್ತಾರೆ. ನಾಚದೆ ಎಲ್ಲವನ್ನೂ ಹೇಳು.

ನೀನು ಬದುಕಿದರೆ ಸಿಂಚನಾ ಗಜೇಂದ್ರಗಡಕ್ಕೆ ಹೋಗುವುದಿಲ್ಲ, ಆ ಹುಡುಗನನ್ನು ನೋಡುವುದಿಲ್ಲ, ನಾನೂ ಇರುವುದಿಲ್ಲವೇನೋ. ಇಪ್ಪತ್ತು ವರ್ಷ ಈ ಕಾಗದ ಬರೆಯದೆ ಕೂತದ್ದು ಆ ಹೆದರಿಕೆಗೇ. ನನಗೂ ಜೀವದ ಆಸೆಯಿದೆ, ದಾನವ್ವ. ಆದರೆ ನಲವತ್ತೆಂಟು ವರ್ಷ ಚೆನ್ನಾಗಿ ಬದುಕಿದೆ, ನಿನಗೆ ಅಷ್ಟೂ ಸಿಗಲಿಲ್ಲ. ನಿನ್ನ ಕೂಸಿಗೆ ಅವಳ ಅವ್ವ ಸಿಗಲಿ. ಕಸ್ತೂರಿಗೆ ಅವಳ ತಂಗಿ ಸಿಗಲಿ.

ಕುಬಸವನ್ನು ನನ್ನ ಮುಂದೆ ಚಾಪೆಯ ಮೇಲೆ ಹಾಸಿಕೊಂಡಿದ್ದೇನೆ. ಕಾಗದವನ್ನು ಅಂಚೆಗೆ ಕೊಟ್ಟು ಬಂದು ಇದರ ಎದುರೇ ಕೂರುತ್ತೇನೆ. ಎಡಗಡೆಯ ಎರಡನೆಯ ಹೊಲಿಗೆ ಮಾಯವಾದರೆ ನೀನು ದವಾಖಾನೆಗೆ ಹೋದೆ ಎಂದು ತಿಳಿದುಕೊಳ್ಳುತ್ತೇನೆ. ತಿಳಿಯಲು ನಾನೇ ಇಲ್ಲವಾದರೂ ಚಿಂತೆಯಿಲ್ಲ, ನೀನು ಹೋಗಿ ಬಾ.

ಇಂತಿ,
ನಿನ್ನ ಅಕ್ಕನ ಹೆಸರನ್ನೇ ಇಟ್ಟುಕೊಂಡ
ಕಸ್ತೂರಿ