ಮೂರನೇ ಸಾಲನ್ನು ಅಳಿಸಬೇಡಿ

ಯಾದವಗಿರಿ, ಮೈಸೂರು
೨೫ ಜುಲೈ ೨೦೨೫, ಶುಕ್ರವಾರ

ಅಭಿಯ ಅಪ್ಪನಿಗೆ,

ವೇದವತಿಯ ನಮಸ್ಕಾರ. ಹೂಟಗಳ್ಳಿಯಲ್ಲಿ ನಿಮ್ಮ ತಂಗಿ ಚೂಡಾಮಣಿಯ ಮನೆ ಊಟ ನಿಮಗೆ ಒಗ್ಗಿದೆ ಎಂದು ಅವಳ ಮಗಳು ಅನನ್ಯ ಹೇಳಿದಳು. ಒಗ್ಗದೆ ಏನು? ಅವಳು ಇನ್ನೂ ಮನೆಯಲ್ಲೇ ಹುರಿದು ಸಾರಿನ ಪುಡಿ ಮಾಡಿಸುತ್ತಾಳೆ. ಇಲ್ಲಿ ಅಂಗಡಿ ಪುಡಿ ಯಾಕೆ ಬಂತು ಎಂದು ನೀವು ಹೊರಡುವ ಮುಂಚೆ ಒಮ್ಮೆ ಕೇಳಿದ್ದಿರಿ. ಮಿಲ್ ಮುಚ್ಚಿದೆ ಎಂದಿದ್ದೆ.

ನಾನು ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿದರೂ ಹೂಂ, ಊಹೂಂ ಬಿಟ್ಟು ಬೇರೆ ಮಾತಿಲ್ಲ. ಅದಕ್ಕೇ ಕಾಗದ. ಅನನ್ಯ ತಂದುಕೊಡುತ್ತಾಳೆ, ಹರಿದು ಹಾಕುವ ಮುಂಚೆ ಓದಿ.

ನಾಡಿದ್ದು ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ನಾನು ಮನೆಯಲ್ಲಿರುವುದಿಲ್ಲ. ಬೀಗದಕೈ ಪಕ್ಕದ ಮನೆ ಕುಸುಮನ ಹತ್ತಿರ ಇರುತ್ತದೆ. ನನ್ನ ಮುಖ ನೋಡಬೇಕಾಗಿಲ್ಲ. ಬಂದು ಅಭಿಯ ಕೋಣೆಯಲ್ಲಿ ಕೂತು, ಅವನ ಕಂಪ್ಯೂಟರ್ ಹಾಕಿ, ಅವನು ಆಡುತ್ತಿದ್ದ ಆಟ ಆಡಿ. ಹೌದು, ಅದೇ. ಕತ್ತಿ, ಕುದುರೆ, ಕೋಟೆ. ಕಂಡರೆ ನಿಮಗೆ ಮೈ ಉರಿಯುತ್ತಿತ್ತಲ್ಲ, ಅದೇ ಆಟ.

ಐವತ್ಮೂರನೇ ವಯಸ್ಸಿನಲ್ಲಿ ನಾನು ಅದನ್ನು ಕಲಿತಿದ್ದೇನೆ. ನೀವು ಮನೆ ಬಿಟ್ಟ ಮೇಲೆ ಅನನ್ಯ ಪ್ರತಿ ಶನಿವಾರ ಬಂದು ಕಲಿಸಿದಳು. ಹೊಸಬರು ಏನೇನು ತಪ್ಪು ಮಾಡಬಹುದೋ ಅಷ್ಟನ್ನೂ ಮಾಡಿದ್ದೇನೆ, ಆದ್ದರಿಂದ ನಿಮಗೆ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ.

ಮೊದಲನೆಯದಾಗಿ ಆತುರ ಬೇಡ. ಶುರುವಾದ ಕೂಡಲೇ ಕತ್ತಿ ಹಿರಿದು ಯಾರ ಮೇಲೂ ಹೋಗಬೇಡಿ. ಮೊದಲ ವಾರ ನಾನು ಹದಿನೇಳು ಸಲ ಸತ್ತೆ. ಇದರಲ್ಲಿ ನೀವು ರಾಜ ಅಲ್ಲ, ಕುದುರೆ ಲಾಯದ ಆಳು. ಊರೆಲ್ಲ ಸುತ್ತಿ, ಎದುರು ಸಿಕ್ಕವರನ್ನು ಮಾತಾಡಿಸಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಅವರ ಮಾತನ್ನು ಅರ್ಧಕ್ಕೇ ನಿಲ್ಲಿಸುವ ಗುಂಡಿ ಒಂದಿದೆ. ನಿಮ್ಮ ಬೆರಳು ಅಲ್ಲಿಗೇ ಹೋಗುತ್ತದೆ, ನನಗೆ ಗೊತ್ತು. ಒತ್ತಬೇಡಿ.

ಕಂಡವರ ಮನೆಯೊಳಗೆ ನುಗ್ಗಬೇಡಿ. ಒಲೆಯ ಮೇಲೆ ಏನು ಬೇಯುತ್ತಿದೆಯೋ ನೋಡೋಣ ಎಂದು ನಾನು ಒಂದು ಮನೆಯೊಳಗೆ ಹೋದೆ. ಆ ಹೆಂಗಸು ಕೂಗಾಡಿದಳು. ಬೂಟು ಹಾಕಿಕೊಂಡೇ ಅಡುಗೆಮನೆಗೆ ಬಂದದ್ದಕ್ಕೆ ಇರಬೇಕು ಎಂದುಕೊಂಡು, ಬೂಟು ಬಿಚ್ಚಿಸಿ ಮತ್ತೆ ಹೋದೆ. ಕಳ್ಳ ಎಂದು ಹಿಡಿದುಕೊಟ್ಟಳು. ಅನನ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಭಿ ಇದ್ದಿದ್ದರೆ ಎಷ್ಟು ನಗುತ್ತಿದ್ದ ಎಂದು ಆಮೇಲೆ ಇಬ್ಬರೂ ಕೂತು ಅತ್ತೆವು.

ಕಾವಲಿನವರು ಹಿಡಿದು ಕೇಳಿದಾಗ ನಿಜವನ್ನೂ ಹೇಳಬಹುದು, ಸುಳ್ಳನ್ನೂ ಹೇಳಬಹುದು. ನಿಜ ಹೇಳಿದರೆ ಮೂರು ದಿನ ಸೆರೆ, ಅಷ್ಟೇ. ಸುಳ್ಳು ಮೊದಮೊದಲು ನಡೆಯುತ್ತದೆ, ಆಮೇಲೆ ಗೊತ್ತಾದರೆ ಆ ಊರಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಇದು ತಲೆಗೆ ಹೋಗಲು ನನಗೆ ತುಂಬಾ ದಿನ ಬೇಕಾಯಿತು.

ಚೀಲಕ್ಕೆ ಸಿಕ್ಕಿದ್ದನ್ನೆಲ್ಲ ತುಂಬಬೇಡಿ, ಭಾರ ಹೆಚ್ಚಾದರೆ ಓಡಲು ಆಗುವುದಿಲ್ಲ. ಅಭಿಯ ಚೀಲದಲ್ಲಿ ಕುದುರೆಗೆಂದು ನಲವತ್ತು ಸೇಬು ಇವೆ, ಅವನ್ನು ಮಾತ್ರ ಮಾರಬೇಡಿ.

ಇನ್ನೊಂದು ವಿಷಯ. ಆ ಆಳಿಗೆ ಅವನು ಇಟ್ಟಿರುವ ಹೆಸರು ನಂಜುಂಡಯ್ಯ. ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ನಂಜುಂಡಯ್ಯನ್ನ ಎಡಕ್ಕೆ ತಿರುಗ್ಸಿ ಅತ್ತೆ ಎಂದು ಅನನ್ಯ ಅವಸರ ಮಾಡುತ್ತಾಳೆ. ನಾನು ಪರದೆಯನ್ನು ನೋಡಿಕೊಂಡು, ರೀ, ಸ್ವಲ್ಪ ಈ ಕಡೆ ಬನ್ರೀ ಎನ್ನುತ್ತೇನೆ. ಅಲ್ಲಾದರೂ ನೀವು ಬರುತ್ತೀರಿ.

ಈಗ ಮುಖ್ಯವಾದದ್ದು. ಈ ಆಟದಲ್ಲಿ ಹಾಸಿಗೆಯಲ್ಲಿ ಮಲಗಿದರೆ ಮಾತ್ರ ಅಲ್ಲಿಯವರೆಗೆ ಆಡಿದ್ದು ಉಳಿಯುತ್ತದೆ. ಉಳಿದದ್ದು ಸಾಲುಸಾಲಾಗಿ ಕಾಣುತ್ತದೆ, ಪಕ್ಕದಲ್ಲಿ ತಾರೀಖು, ಗಂಟೆ. ಮೊದಲೆರಡು ಸಾಲು ಅವನ ಆಟವನ್ನೇ ಮುಂದುವರಿಸಿ ನಾನು ಉಳಿಸಿದವು, ಮೂರನೆಯದು ಅಭಿಯದು. ಮಲಗುವಾಗ ಯಾವ ಸಾಲಿನಲ್ಲಿ ಉಳಿಸಲಿ ಎಂದು ಕೇಳುತ್ತದೆ. ಅಪ್ಪಿತಪ್ಪಿಯೂ ಮೂರನೆಯದನ್ನು ಒತ್ತಬೇಡಿ, ಅವನದು ಅಳಿಸಿಹೋಗುತ್ತದೆ. ಆದರೆ ಅದರ ಗಂಟೆ ನೋಡಿ. ಹೋದ ವರ್ಷ ಆಗಸ್ಟ್ ಹನ್ನೆರಡು, ಬೆಳಿಗ್ಗೆ ಹತ್ತು ಐವತ್ತು.

ಅಂದು ನೀವು ಆಫೀಸಿಗೆ ಹೊರಟದ್ದು ಒಂಬತ್ತೂವರೆಗೆ. ಕೆಲಸ ಹುಡುಕೋದು ಬಿಟ್ಟು ಇದೇನೋ ಎಂದು ಗದರಿ, ಹೊಸ್ತಿಲಲ್ಲಿ ನಿಂತು, ಆ ಆಟದಲ್ಲೇ ಬಿದ್ದು ಸಾಯಿ ಎಂದಿರಿ. ಹನ್ನೆರಡಕ್ಕೆ ಅವನ ಗಾಡಿಗೆ ಲಾರಿ ಬಡಿದ ಸುದ್ದಿ ಬಂತು. ಎಲ್ಲಿಗೆ ಹೊರಟಿದ್ದ ಎಂದು ನೀವು ಕೇಳಿದಿರಿ. ಹೇಳದೆ ಹೋದ ಎಂದೆ. ನಿಮ್ಮ ಮಾತಿಗೆ ನೊಂದು ಸಿಟ್ಟಿನಲ್ಲಿ ಗಾಡಿ ಹತ್ತಿದ ಎಂದು ನೀವೇ ತೀರ್ಮಾನಿಸಿದಿರಿ. ಎರಡು ತಿಂಗಳಿಗೆ, ಅವನ ಕೋಣೆ ಇರುವ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ಹೊರಟುಹೋದಿರಿ.

ಸಿಟ್ಟಿನಲ್ಲಿ ಮನೆ ಬಿಟ್ಟು ಹೋಗುವವನು ಒಂದೂಕಾಲು ಗಂಟೆ ಕೂತು ಆಡುತ್ತಾನೆಯೇ? ಆ ಸಾಲನ್ನು ತೆರೆಯಿರಿ, ಬರೀ ತೆರೆದರೆ ಅಳಿಸಿಹೋಗುವುದಿಲ್ಲ. ಅವನು ಕುದುರೆಗೆ ನೀರಿಟ್ಟು, ಮೇವು ಹಾಕಿ, ನಿಮ್ಮ ಹೆಸರಿನವನನ್ನು ಹಾಸಿಗೆಯಲ್ಲಿ ಮಲಗಿಸಿಯೇ ಎದ್ದಿದ್ದಾನೆ. ನಿಮ್ಮ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ನೀವು ಒಂದು ಗುಂಡಿ ಒತ್ತಿದರೆ ನಂಜುಂಡಯ್ಯ ಎದ್ದು ಕೂರುತ್ತಾನೆ.

ಹನ್ನೆರಡಕ್ಕೆ ಬರುತ್ತೇನೆ. ನೀವಿದ್ದರೆ ಒಟ್ಟಿಗೆ ಊಟ ಮಾಡೋಣ. ಇಲ್ಲದಿದ್ದರೆ ಬೀಗದಕೈ ಕುಸುಮನಿಗೇ ಕೊಟ್ಟು ಹೋಗಿ.

ಇಂತಿ,
ನಿಮ್ಮ
ವೇದವತಿ

ಮರೆತಿದ್ದೆ ಎಂದು ಶುರುಮಾಡಬೇಕೆಂದಿದ್ದೆ. ಮರೆತಿಲ್ಲ. ಮಿಲ್ ಯಾವತ್ತೂ ಮುಚ್ಚಿರಲಿಲ್ಲ. ಹತ್ತು ಐವತ್ತಕ್ಕೆ ಅವನು ಆಟ ನಿಲ್ಲಿಸಿದ್ದು ನಾನು ಕರೆದದ್ದಕ್ಕೆ. ಸಾರಿನ ಪುಡಿಗೆ ಎಲ್ಲ ಹುರಿದಿಟ್ಟಿದ್ದೆ. ಊಟ ಆದ್ಮೇಲೆ ಹೋಗ್ತೀನಿ ಕಣಮ್ಮ ಎಂದ. ಹುರಿದದ್ದು ಮೆತ್ತಗಾಗುತ್ತೆ, ಈಗಲೇ ಏಳು ಎಂದು ಒಂಟಿಕೊಪ್ಪಲಿನ ಮಿಲ್ಲಿಗೆ ಕಳಿಸಿದವಳು ನಾನು. ಪುಡಿ ಮಾಡಿಸಿಕೊಂಡು ಬರುತ್ತಿದ್ದ. ಗಾಡಿಯ ಸೀಟಿನ ಕೆಳಗಿದ್ದ ಡಬ್ಬಿಯನ್ನು ನನ್ನ ತಮ್ಮ ತಂದುಕೊಟ್ಟ, ದೇವರ ಪಾತ್ರೆಗಳ ಹಿಂದೆ ಇಟ್ಟಿದ್ದೇನೆ, ಇನ್ನೂ ತೆರೆದಿಲ್ಲ. ಒಂದು ವರ್ಷ ನೀವು ಹೊತ್ತದ್ದು ನನ್ನ ಭಾರ. ಹೇಳಿದರೆ ನನ್ನನ್ನು ಬಿಟ್ಟು ಹೋಗುತ್ತೀರಿ ಎಂದು ಹೆದರಿದ್ದೆ. ಹೇಳಲಿಲ್ಲ, ಆದರೂ ನೀವು ಹೋದಿರಿ.